ನೀಲಿ ಬಟ್ಟೆಯ ಮಾತು

“ನಿಂದು ಯಾವ ಪ್ರಾಣಿನೋ ಮರಿ?”

ಗುಡಿಯಂಗಳದಲ್ಲಿ ಸಿನಿಮಾ ತೋರಿಸುವ ಬೋಂಗ್-ಚಿ ಮಕ್ಕಳ ವಯಸ್ಸು ಕೇಳುತ್ತಿದ್ದದ್ದು ಹೀಗೆ. ಎಷ್ಟು ವರ್ಷ ಎಂದು ನೇರವಾಗಿ ಕೇಳಿದರೆ ನಮ್ಮೂರಲ್ಲಿ ಸರಿಯಾದ ಉತ್ತರ ಸಿಗುವುದಿಲ್ಲ. ನಮ್ಮಲ್ಲಿ ಮಗು ಹುಟ್ಟಿದ ದಿನವೇ ಒಂದು ವರ್ಷದ್ದು. ಹೊಸ ವರ್ಷ ಬಂತೆಂದರೆ ಊರಿಗೆ ಊರೇ ಒಂದು ವರ್ಷ ದೊಡ್ಡದಾಗುತ್ತದೆ. ವರ್ಷದ ಕೊನೆಯ ವಾರದಲ್ಲಿ ಹುಟ್ಟಿದ ಕೂಸು ಕಣ್ಣು ಸರಿಯಾಗಿ ಬಿಡುವ ಮೊದಲೇ ಎರಡು ವರ್ಷದ್ದಾಗಿ ಕೂತಿರುತ್ತದೆ. ಈ ಲೆಕ್ಕ ಇಟ್ಟುಕೊಂಡು ಸಿನಿಮಾದ ವಯಸ್ಸಿನ ಕಟ್ಟಳೆ ಪಾಲಿಸುವುದಾದರೂ ಹೇಗೆ? ಅದಕ್ಕೇ ಅವಳು, ಹನ್ನೆರಡು ವರ್ಷಕ್ಕೊಮ್ಮೆ ಸುತ್ತಿ ಬರುವ ಪ್ರಾಣಿಗಳಲ್ಲಿ ಹುಟ್ಟಿದ ವರ್ಷದ ಪ್ರಾಣಿ ಯಾವುದು, ತಿಂಗಳು ಯಾವುದು ಎಂದು ಕೇಳಿ, ಬೆರಳು ಮಡಚಿ, ನಿಜವಾದ ವಯಸ್ಸನ್ನು ತಾನೇ ಹೊರಗೆ ತೆಗೆಯುತ್ತಿದ್ದಳು.

“ಎತ್ತು, ಹನ್ನೊಂದನೇ ತಿಂಗಳು,” ಎನ್ನುತ್ತಿತ್ತು ಮಗು.

“ಏಳು ವರ್ಷ ಅಕ್ಕಾ, ಏಳು!” ಎಂದು ಹಿಂದಿನಿಂದ ಅವರಪ್ಪ ಕೂಗುತ್ತಿದ್ದ.

“ಏಳಂತೆ ಏಳು! ಮಗೂಗೆ ಇನ್ನೂ ಐದು. ಇದು ಅವನು ನೋಡೋ ಪಿಕ್ಚರ್ ಅಲ್ಲ. ಅಜ್ಜಿ ಹತ್ರ ಬಿಟ್ಟು ಬಾ ಹೋಗು.”

“ದೇವಸ್ಥಾನದ ಪಿಕ್ಚರ್‌ಗೂ ವಯಸ್ಸು ನೋಡ್ತೀಯಲ್ಲ, ದೇವರ ವಯಸ್ಸು ಕೇಳಿದ್ಯಾ?”

“ದೇವಿಗೆ ಸಾವಿರ ವರ್ಷ ಆಗಿದೆ ಕಣೋ, ಅವಳು ತಡ್ಕೋತಾಳೆ. ನಿನ್ ಮಗ ತಡ್ಕೊಳ್ಳಲ್ಲ. ನಡಿ.”

ಜನ ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಗುಡಿಯಂಗಳದ ಆಲದ ಮರದ ಕೆಳಗೆ, ಸೋಯಾ ಹಾಲಿನ ಗಿಣ್ಣಿನಂಥ ಸಿಹಿ ತೋಫು ಮಾರಿಕೊಂಡು ಬದುಕಿದವಳು ನಾನು. ನಮ್ಮಮ್ಮನೂ ಅಲ್ಲೇ ಮಾರುತ್ತಿದ್ದಳು. ನನ್ನ ಹೆಸರು ಈಗ ಯಾರಿಗೂ ನೆನಪಿಲ್ಲ, ತೋಫು ಎಂದರೆ ನಾನೇ. ಬೋಂಗ್-ಚಿ ನನ್ನ ಓರಗೆಯವಳು. ಅವಳ ಬಗ್ಗೆ ಮಾತಾಡುವ ಹಕ್ಕು ಈ ಊರಲ್ಲಿ ಯಾರಿಗಾದರೂ ಇದ್ದರೆ ಅದು ನನಗೆ, ಅವಳು ಸಿನಿಮಾ ತೋರಿಸುವಾಗ ಬೆನ್ನ ಹಿಂದೆ ಗೊಣಗುತ್ತಿದ್ದವರಿಗಲ್ಲ.

ಮೊದಲು ಅವಳ ಹೆಸರಿನ ವಿಷಯ ಹೇಳಿಬಿಡುತ್ತೇನೆ. ಬೋಂಗ್-ಚಿ ಎಂದರೆ, ಹುಟ್ಟಿದ್ದಾಗಿದೆ, ಇನ್ನೇನು ಮಾಡುವುದು, ಸಾಕೋಣ ಎಂದರ್ಥ. ಗಂಡು ಬೇಕೆಂದು ಕಾದ ಮನೆಯಲ್ಲಿ ಹೆಣ್ಣು ಹುಟ್ಟಿದರೆ ಇಡುತ್ತಿದ್ದ ಹೆಸರು. ಐದು ವರ್ಷದ ನಂತರ, ತಾಯಿಯ ತಲೆ ನೆರೆಯಲು ಶುರುವಾದ ಮೇಲೆ, ತಮ್ಮ ಹುಟ್ಟಿದ. ಅವನಿಗೆ ಥಿಯೆನ್-ಸು ಎಂದು ಹೆಸರಿಟ್ಟರು, ಸ್ವರ್ಗವೇ ಕೊಟ್ಟವನು ಎಂದು. ಒಂದೇ ಮನೆಯಲ್ಲಿ ಈ ಎರಡು ಹೆಸರುಗಳನ್ನು ದಿನವೂ ಕೂಗಿ ಕರೆಯುತ್ತಿದ್ದರು. ನನಗಂತೂ ಈಗಲೂ ಸಿಟ್ಟು ಬರುತ್ತದೆ.

ಅವಳ ಅಪ್ಪ ಮೂರು ಗಾಲಿಯ ಗಾಡಿಯಲ್ಲಿ ಯಂತ್ರ, ಪರದೆ, ಬಿದಿರು ಹೇರಿಕೊಂಡು ಕರಾವಳಿಯ ಗುಡಿಗಳಿಗೆಲ್ಲ ಹೋಗಿ ಸಿನಿಮಾ ತೋರಿಸುತ್ತಿದ್ದ. ಹರಕೆ ಹೊತ್ತವರು ದೇವರಿಗೆ ಹಾಕಿಸುವ ಸಿನಿಮಾ. ಪರದೆಯನ್ನು ಗುಡಿಯ ಬಾಗಿಲಿಗೆ ಎದುರಾಗಿ ಕಟ್ಟಬೇಕು. ಒಬ್ಬ ಮನುಷ್ಯ ಬರದಿದ್ದರೂ ಕೊನೆಯವರೆಗೆ ಓಡಿಸಬೇಕು. ಸತ್ತವರು ಊರಿಗೆ ಬಂದು ಹೋಗುವ ಏಳನೇ ತಿಂಗಳಲ್ಲಿ ಮಾತ್ರ ಸಿನಿಮಾ ಅವರದು. ಅವರನ್ನು ದೆವ್ವ ಎಂದರೆ ದೊಡ್ಡವರು ಬಾಯಿಗೆ ಬಾರಿಸುತ್ತಾರೆ. ‘ಒಳ್ಳೆಯಣ್ಣಂದಿರು’ ಎನ್ನಬೇಕು. ಆ ತಿಂಗಳು ಮುಂದಿನ ಸಾಲಿನ ಸ್ಟೂಲುಗಳೆಲ್ಲ ಅವರಿಗೆ ಮೀಸಲು. ಬದುಕಿರುವವರು ಎರಡನೇ ಸಾಲಿನಿಂದ ಕೂರಬೇಕು.

ಅಪ್ಪ ತೀರಿಕೊಂಡ ಮೇಲೆ ಯಂತ್ರ ಬೋಂಗ್-ಚಿಯ ಕೈಗೆ ಬಂತು. ಹೆಂಗಸು ಯಂತ್ರ ಓಡಿಸುವುದೇ ಊರಿಗೆ ಒಂದು ನಗೆ. ಅದರ ಮೇಲೆ ಅವಳು ಹೊಸದೊಂದು ತಂದಳು. ಪಟ್ಟಣದ ಚಿತ್ರಮಂದಿರಗಳಲ್ಲಿ ಪೋಸ್ಟರ್ ಮೇಲೆ ಹಚ್ಚುವ ಬಣ್ಣದ ಗುರುತುಗಳನ್ನು ನೋಡಿಕೊಂಡು ಬಂದು, ಅದೇ ಬಣ್ಣದ ಬಟ್ಟೆಗಳನ್ನು ಹೊಲಿದು, ಪರದೆಯ ಬಿದಿರಿಗೆ ಕಟ್ಟತೊಡಗಿದಳು. ಹಸಿರು ಎಲ್ಲರಿಗೂ. ನೀಲಿ ಆರು ತುಂಬಿದವರಿಗೆ. ಹಳದಿ ಹನ್ನೆರಡು ತುಂಬಿದವರಿಗೆ. ಕೆಂಪು ಹದಿನೆಂಟು ದಾಟಿದವರಿಗೆ ಮಾತ್ರ.

ಮೊದಲ ಸಲ ಕೆಂಪು ಕಟ್ಟಿದ ದಿನ ಆದದ್ದನ್ನು ನೆನೆದರೆ ನಗು ತಡೆಯಲಾಗುವುದಿಲ್ಲ. ಗುಡಿಯ ಸಮಿತಿಯ ಗೋ ಯಜಮಾನರು, ಒಳ್ಳೆಯಣ್ಣಂದಿರೆಲ್ಲ ವಯಸ್ಸಿಗೆ ಬಂದವರೇ, ಸ್ವಲ್ಪ ಖಾರವಾದದ್ದೇ ಇರಲಿ ಎಂದು ಎಂಥದೋ ಚೂರಿ ಚಾಕುವಿನ ಸಿನಿಮಾ ಹೇಳಿದ್ದರು. ಬೋಂಗ್-ಚಿ ಬಿದಿರಿಗೆ ಉದ್ದದ ಕೆಂಪು ಬಟ್ಟೆ ಕಟ್ಟಿದಳು. ಕೆಂಪೆಂದರೆ ನಮಗೆ ಮದುವೆ, ಹೊಸ ವರ್ಷ, ಶುಭ. ಊರಿನ ಅಜ್ಜಿಯರೆಲ್ಲ ಇವತ್ತೇನೋ ವಿಶೇಷ ಇದೆಯೆಂದು ಮೊಮ್ಮಕ್ಕಳಿಗೆ ತಲೆ ಬಾಚಿ, ಹೊಸ ಬಟ್ಟೆ ತೊಡಿಸಿ ಕರೆತಂದರು! ಮುಂದಿನ ಸಲ ಅವಳು ಬಿಳಿ ಕಟ್ಟಿದಳು. ಸಾವಿನ ಮನೆಯ ಬಣ್ಣ. ಒಂದು ನೊಣವೂ ಹತ್ತಿರ ಸುಳಿಯಲಿಲ್ಲ.

“ನಿಂಗೆ ತಲೆ ಕೆಟ್ಟಿದ್ಯಾ ಬೋಂಗ್-ಚಿ? ಗುಡಿ ಮುಂದೆ ಬಿಳಿ ಕಟ್ತಾರಾ ಯಾರಾದ್ರೂ?” ಗೋ ಯಜಮಾನರು ಬಾಯಿಯ ಅಡಿಕೆ ಉಗಿದು ಕೂಗಾಡಿದರು.

“ಯಜಮಾನ್ರೇ, ಪರದೆನೂ ಬಿಳೀನೇ. ಅದನ್ನೂ ಬಿಚ್ಲಾ?”

ಕೊನೆಗೆ ಕಪ್ಪು ಬಟ್ಟೆಗೆ ಒಪ್ಪಂದವಾಯಿತು.

ಬಟ್ಟೆ ಕಟ್ಟಿ ಸುಮ್ಮನಾಗುವವಳಲ್ಲ ಅವಳು. ಪ್ರತಿ ಸಿನಿಮಾಕ್ಕೂ ಮೊದಲು ಮೈಕು ಹಿಡಿದು ನಿಲ್ಲುತ್ತಿದ್ದಳು. ಯಾವ ಬಣ್ಣ ಕಟ್ಟಿದ್ದರೂ ನಾಲ್ಕನ್ನೂ ಹೇಳಲೇಬೇಕು. ನೀಲಿಯ ಹತ್ತಿರ ಬಂದಾಗ ದನಿ ಒಂದು ಮೆಟ್ಟಿಲು ಏರುತ್ತಿತ್ತು. “ಆರರಿಂದ ಹನ್ನೆರಡರವರೆಗಿನ ಮಕ್ಕಳ ಪಕ್ಕದಲ್ಲಿ ದೊಡ್ಡವರೊಬ್ಬರು ಕೂರಲೇಬೇಕು. ಎದುರು ಮನೆಲಿದೀನಿ, ಕೂಗಿದ್ರೆ ಕೇಳ್ಸುತ್ತೆ ಅನ್ನೋದೆಲ್ಲ ಬೇಡ. ಪಕ್ಕದಲ್ಲಿ. ಮಗು ಏನಾದ್ರೂ ಕೇಳಿದ್ರೆ ಉತ್ತರ ಹೇಳೋಷ್ಟು ಹತ್ರ.” ಆಮೇಲೆ ಮಕ್ಕಳ ಕಡೆ ತಿರುಗಿ, ಪರದೆಯ ಮೇಲೆ ಹಾರುವವರ ಬೆನ್ನಿಗೆ ತಂತಿ ಕಟ್ಟಿರುತ್ತಾರೆ, ರಕ್ತವೆಂದರೆ ಬಣ್ಣ ಹಾಕಿದ ಸಕ್ಕರೆ ಪಾಕ, ಸತ್ತವನು ಎದ್ದು ಹೋಗಿ ಊಟ ಮಾಡುತ್ತಾನೆ ಎಂದೆಲ್ಲ ಹೇಳುತ್ತಿದ್ದಳು. “ಕಥೆ ಎಲ್ಲಾ ಕೆಡಿಸ್ತಾಳಪ್ಪ ಇವಳು!” ಎಂದು ಗಂಡಸರು ಗೊಣಗುತ್ತಿದ್ದರು. ಮಕ್ಕಳಿಗೆ ಮಾತ್ರ ಅದು ಬಾಯಿಪಾಠವಾಗಿ ಹೋಗಿತ್ತು. ಹಸಿರು, ನೀಲಿ, ಹಳದಿ, ಕಪ್ಪು ಎಂದು ಕುಂಟೆಬಿಲ್ಲೆ ಆಡುವಾಗಲೂ ಅದನ್ನೇ ಹೇಳಿಕೊಂಡು ಕುಣಿಯುತ್ತಿದ್ದವು.

ಇಷ್ಟೆಲ್ಲ ಯಾಕೆ ಎಂದು ಹೊಸಬರು ಕೇಳುತ್ತಿದ್ದರು. ಹಳಬರು ಕೇಳುತ್ತಿರಲಿಲ್ಲ. ಅವರಿಗೆ ಗೊತ್ತಿತ್ತು.

ನಾವು ಚಿಕ್ಕವರಿದ್ದಾಗಿನ ಒಂದು ಏಳನೇ ತಿಂಗಳು. ಅವಳ ಅಪ್ಪ ನಮ್ಮ ಗುಡಿಯಂಗಳದಲ್ಲೇ ಸಿನಿಮಾ ಹಾಕಿದ್ದ. ಬೋಂಗ್-ಚಿಯ ಅಮ್ಮ ಮನೆಯಲ್ಲಿ ಸಿಂಪಿ ಬಿಡಿಸುತ್ತಿದ್ದಳು. ಸಮುದ್ರದ ಸಿಂಪಿಯ ಚಿಪ್ಪನ್ನು ಚಿಕ್ಕ ಚಾಕುವಿನಿಂದ ಸೀಳಿ ಒಳಗಿನ ಮಾಂಸ ತೆಗೆಯುವ ಕೆಲಸ. ಅದನ್ನು ಒಯ್ಯುವ ಲಾರಿ ಬರುವುದರೊಳಗೆ ಮುಗಿಸಬೇಕು. ಮಕ್ಕಳು ಕಾಲಿಗೆ ತೊಡರಿಕೊಂಡರೆ ಆಗದ ಕೆಲಸ. ಅದಕ್ಕೇ ಇಬ್ಬರನ್ನೂ ಸಿನಿಮಾಕ್ಕೆ ಅಟ್ಟಿದ್ದಳು. ಥಿಯೆನ್-ಸು ಅಕ್ಕನ ಕೈ ಕೊಸರಿಕೊಂಡು ಹೋಗಿ ಮುಂದಿನ ಸಾಲಿನಲ್ಲಿ, ಸತ್ತವರ ಸ್ಟೂಲಿನ ಮೇಲೆ, ಕೂತುಬಿಟ್ಟ. ಪರದೆಯ ಮೇಲೆ ಕತ್ತಿವೀರನೊಬ್ಬ ಕೆರೆಯ ನೀರಿನ ಮೇಲೆ ಕಾಲು ಸೋಕಿಸುತ್ತ ಹಾರಿ ಹೋದ. ಹುಡುಗ ಬಾಯಿ ಕಳೆದು ನೋಡಿದ.

ಮರುದಿನ ಬೆಳಿಗ್ಗೆ ಲಾರಿ ಇನ್ನೂ ಬಂದಿರಲಿಲ್ಲ, ಸಿಂಪಿ ಇನ್ನೂ ಮುಗಿದಿರಲಿಲ್ಲ. ಅಮ್ಮ ಮತ್ತೆ ಇಬ್ಬರನ್ನೂ ಹೊರಗೆ ಕಳಿಸಿದಳು. ನಾವು ಮೂವರೂ ಕಡಲ ತಡೆಗೋಡೆಯ ಹತ್ತಿರ ಹೋದೆವು. ಬೋಂಗ್-ಚಿಯ ಚಪ್ಪಲಿಯ ಪಟ್ಟಿ ಕಿತ್ತಿತ್ತು. ಬಗ್ಗಿ ಸರಿಮಾಡಿಕೊಳ್ಳುತ್ತಿದ್ದಳು. “ನೋಡಕ್ಕಾ,” ಎಂದ ಅವನು. ಗೋಡೆಯ ಮೇಲೆ ನಿಂತು ಕೈ ಅಗಲಿಸಿದ್ದ. ನೀರು ಇಳಿದ ಹೊತ್ತು. ಕೆಳಗೆ ಇದ್ದದ್ದು ಕಲ್ಲು, ಕಲ್ಲಿಗೆ ಕಚ್ಚಿಕೊಂಡ ಚಿಪ್ಪುಗಳು. ಅದಕ್ಕಿಂತ ಹೆಚ್ಚು ನಾನು ಹೇಳಲಾರೆ.

ಒಳ್ಳೆಯಣ್ಣಂದಿರ ಜಾಗದಲ್ಲಿ ಕೂತ, ಅವರು ಕರೆದುಕೊಂಡು ಹೋದರು ಎಂದಿತು ಊರು. ಅಮ್ಮ ಹಾಗೆನ್ನಲಿಲ್ಲ. ಅವಳಿಗೆ ಬೇರೊಂದು ಮಾತಿತ್ತು. “ಹನ್ನೆರಡು ವರ್ಷದ ಹುಡುಗಿ. ಒಂದು ಮಗೂನ ಹಿಡ್ಕೊಳ್ಳಕ್ಕಾಗ್ಲಿಲ್ಲ.” ಮನೆ ಮುಂದೆ ಚಿಪ್ಪಿನ ಗುಡ್ಡೆಯ ನಡುವೆ ಕೂತು, ಕೈ ನಿಲ್ಲಿಸದೆ, ಹೋಗಿ ಬರುವವರಿಗೆಲ್ಲ ಹೇಳುತ್ತಿದ್ದಳು. ಕಣ್ಣೀರಿಲ್ಲ, ಕೂಗಾಟವಿಲ್ಲ. ವರ್ಷಗಳು ಹೋದವು, ಅವಳು ಊರಿಗೆಲ್ಲ ಚಿಪ್ಪಿನಮ್ಮನಾದಳು, ಬೆನ್ನು ಬಾಗಿತು, ಆ ಮಾತು ಮಾತ್ರ ಹಾಗೇ ಉಳಿಯಿತು. ಬೋಂಗ್-ಚಿಯನ್ನು ನೋಡಲು ಗಂಡಿನ ಕಡೆಯವರು ಬಂದಾಗಲೂ ಅದನ್ನೇ ಹೇಳಿದಳು. ಅವರು ಚಹಾ ಕುಡಿದು ಎದ್ದು ಹೋದರು. ತಾಯಿ ಮಗಳು ಒಂದೇ ಸೂರಿನಡಿ ಇದ್ದರು. ಮಗಳು ಗಂಜಿ ಮಾಡಿ ಬಡಿಸುವಳು, ತಾಯಿ ಉಣ್ಣುವಳು. ಮಗಳನ್ನು ಹೆಸರು ಹಿಡಿದು ಕರೆದದ್ದನ್ನು ಆ ವರ್ಷಗಳಲ್ಲಿ ನಾನು ಕೇಳಿಲ್ಲ. ಗುಡಿಯಂಗಳದ ಸಿನಿಮಾಕ್ಕೆ ಆ ಹೆಂಗಸು ಮತ್ತೆ ಕಾಲಿಡಲೂ ಇಲ್ಲ.

ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ನಾನೇ ಬಾಯಿ ಬಿಟ್ಟೆ. ಅವಳು ಆಲದ ಕೆಳಗೆ ಕೂತು ಶುಂಠಿ ಪಾಕದ ತೋಫು ತಿನ್ನುತ್ತಿದ್ದಳು.

“ಏ ಬೋಂಗ್-ಚಿ, ನೀನು ಕೋಳಿ ವರ್ಷದವಳು, ಅಲ್ವಾ? ಹನ್ನೆರಡನೇ ತಿಂಗಳ ಕೊನೇಲಿ ಹುಟ್ಟಿದ್ದು.”

“ಹೂಂ. ಏನೀಗ?”

“ಊರೋರ ಮಕ್ಕಳ ಲೆಕ್ಕ ಎಲ್ಲಾ ಬಿಡಿಸ್ತೀಯ. ನಿನ್ ಲೆಕ್ಕ ಬಿಡಿಸಿದ್ಯಾ? ಆವತ್ತು ನಿಂಗೆ ಹನ್ನೆರಡಲ್ಲ ಕಣೇ, ಹತ್ತು. ನಿನ್ ನೀಲಿ ಬಟ್ಟೆ ಪ್ರಕಾರ ನಿನ್ ಪಕ್ಕದಲ್ಲೇ ಒಬ್ರು ಕೂರಬೇಕಿತ್ತು. ಹೋಗಿ ನಿಮ್ಮಮ್ಮನಿಗೆ ಹೇಳು!”

ಅವಳು ಚಮಚ ಬಟ್ಟಲಿನಲ್ಲಿಟ್ಟಳು. ಅವಳಿಗೆ ಗೊತ್ತಿತ್ತು. ಎಂದಿನಿಂದಲೋ ಗೊತ್ತಿತ್ತು.

“ಹೇಳ್ಬೋದು,” ಎಂದಳು. “ಹೇಳಿದ್ರೆ ತಪ್ಪು ನನ್ನ ತಲೆಯಿಂದ ಇಳಿಯುತ್ತೆ. ಇಳಿದು ಎಲ್ಲಿಗೋಗುತ್ತೆ ತೋಫು? ಆ ಮನೇಲಿ ಇರೋದು ಇಬ್ರೇ.”

ನನಗೆ ಮೈಯೆಲ್ಲ ಉರಿಯಿತು. ನೀನೇನು ಕತ್ತೆಯೇ, ಸಾಯುವವರೆಗೂ ಹೊರಲು ಎಂದು ಬೈದೆ. ಅವಳು ಇನ್ನೊಂದು ಸೌಟು ಪಾಕ ಹಾಕು ಎಂದಳು, ಅಷ್ಟೇ. ಅವತ್ತಿನಿಂದ ಆ ವಿಷಯ ನಾನೂ ಎತ್ತಲಿಲ್ಲ. ಆದರೆ ಅವಳು ನೀಲಿ ಬಟ್ಟೆಯ ಮಾತು ಹೇಳುವಾಗಲೆಲ್ಲ ನನ್ನ ಕಿವಿ ಚಿಪ್ಪಿನಮ್ಮನ ಮನೆಯ ಕಡೆಗೆ ಇರುತ್ತಿತ್ತು.

ಚಿಪ್ಪಿನಮ್ಮನಿಗೆ ಎಂಬತ್ತಾದ ವರ್ಷ ಎದೆಯಲ್ಲಿ ನೀರು ತುಂಬಿತು. ವೈದ್ಯರು ಬೋಂಗ್-ಚಿಯನ್ನು ಪಕ್ಕಕ್ಕೆ ಕರೆದು ಮಾತಾಡಿದರು. ಆ ವರ್ಷದ ಏಳನೇ ತಿಂಗಳಲ್ಲಿ ಮುದುಕಿ ಕೋಲೂರಿಕೊಂಡು, ನನ್ನ ಅಂಗಡಿಯ ಮುಂದೆ ಬಂದು ನಿಂತಳು. ಬೋಂಗ್-ಚಿ ಬಿದಿರು ಹೂಳುತ್ತಿದ್ದಳು. ಗೋ ಯಜಮಾನರು ನೆರಳಲ್ಲಿ ಕೂತು ಯಾವ ಬಿದಿರು ಓರೆಯಾಗಿದೆ ಎಂದು ಹೇಳುವ ಕೆಲಸ ಮಾಡುತ್ತಿದ್ದರು.

“ಮಗು ಕನಸಲ್ಲಿ ಬಂದಿದ್ದ,” ಎಂದಳು ಮುದುಕಿ. ಮಗಳಿಗಲ್ಲ, ಗೋ ಯಜಮಾನರಿಗೆ. “ಹಿಂದೆ ನಿಂತಿದೀನಮ್ಮ, ಮುಂದೆ ಕೂರಕ್ಕೆ ಬಿಡಲ್ಲ ಅಂದ. ಇವಳು ಚಿಕ್ಕ ಮಕ್ಕಳನ್ನೆಲ್ಲ ಓಡಿಸ್ತಾಳಂತಲ್ಲ. ಅವನನ್ನೂ ಓಡ್ಸಿದಾಳೆ. ಅವನ ಹೆಸರಲ್ಲಿ ಒಂದು ಪಿಕ್ಚರ್ ಹಾಕ್ಸಿ ಯಜಮಾನ್ರೇ. ಕತ್ತಿ ಹಿಡ್ಕೊಂಡು ಹಾರ್ತಾರಲ್ಲ, ಅಂಥದ್ದು. ನಾನು ಬಂದು ಕೂತ್ಕೋತೀನಿ.”

ಬೋಂಗ್-ಚಿಯ ಕೈಯ ಹಾರೆ ನಿಂತಿತು. ಅವಳ ಮುಖ ನೋಡಿದ್ದು ನಾನೊಬ್ಬಳೇ. ತಾಯಿ ಬಂದು ಕೂರುವುದೆಂದರೆ ಮಗಳ ಮೈಕಿನ ಮಾತನ್ನು ಕೇಳುವುದು. ನೀಲಿ ಬಟ್ಟೆಯ ಮಾತನ್ನೂ.

“ನೀನು ಬರೋದು ಬೇಡಮ್ಮ. ಥಂಡಿ ಇರುತ್ತೆ. ನಾನೇ ಹಾಕ್ತೀನಿ,” ಎಂದಳು.

“ಕತ್ತೀದು ಹಾಕು.”

“ಅದು ಅವನ ವಯಸ್ಸಿಗೆ ಆಗಲ್ಲ.”

“ಏಳು ಅವನಿಗೆ!”

ಗೋ ಯಜಮಾನರು ನಡುವೆ ಬಾಯಿ ಹಾಕಿದರು. “ಏಳೂ ಅಲ್ಲ ಎಂಟೂ ಅಲ್ಲ. ಅಲ್ಲೂ ವರ್ಷ ನಡೆಯುತ್ತೆ ಚಿಪ್ಪಿನಮ್ಮ. ಕನ್ಯೆಯಾಗಿ ಸತ್ತ ಹುಡುಗೀರು ದೊಡ್ಡವರಾಗಿ ಕನಸಲ್ಲಿ ಬಂದು ಮದ್ವೆ ಮಾಡಿ ಅನ್ನಲ್ವಾ? ನಿನ್ ಮಗನಿಗೆ ಈಗ ನಲವತ್ತು ದಾಟಿರುತ್ತೆ. ಕಪ್ಪು ಬಟ್ಟೇದೇ ಹಾಕ್ಲಿ.”

“ನನ್ ಕನಸಲ್ಲಿ ಬಂದವನು ಇಷ್ಟೆತ್ತರ ಇದ್ದ,” ಎಂದು ಮುದುಕಿ ಕೋಲಿನ ಅರ್ಧಕ್ಕೆ ಕೈ ಹಿಡಿದು ತೋರಿಸಿದಳು. ಯಜಮಾನರು ಮತ್ತೆ ಬಿದಿರಿನ ಓರೆ ನೋಡತೊಡಗಿದರು.

ಕೊನೆಗೆ ಬೋಂಗ್-ಚಿ ಹಸಿರು ಬಟ್ಟೆಯ ಸಿನಿಮಾ ಆರಿಸಿದಳು. ಸರ್ಕಸ್ಸಿನ ಕೋತಿಯೊಂದರ ಕಥೆ, ಅದರಲ್ಲಿ ಯಾರೂ ಎಲ್ಲಿಂದಲೂ ಹಾರುವುದಿಲ್ಲ.

ಮುದುಕಿ ಬಂದೇ ಬಂದಳು. ಸಂಜೆಯ ಬೆಳಕು ಇನ್ನೂ ಇತ್ತು, ಸತ್ತವರಿಗೆಂದು ಸುಟ್ಟ ಕಾಗದದ ಬೂದಿ ಅಂಗಳದಲ್ಲೆಲ್ಲ ಹಾರಾಡುತ್ತಿತ್ತು. ಅವಳು ಎರಡನೇ ಸಾಲಿನಲ್ಲಿ ನಿಲ್ಲಲಿಲ್ಲ. ನೇರವಾಗಿ ಮುಂದಿನ ಸಾಲಿಗೆ ಹೋಗಿ, ಸತ್ತವರ ಸ್ಟೂಲೊಂದರ ಮೇಲೆ ಕೂತು, ಪಕ್ಕದ ಖಾಲಿ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು. ಯಾರೋ ಏಳಿಸಲು ಹೋದರೆ ಕೋಲೆತ್ತಿದಳು.

ಬೋಂಗ್-ಚಿ ಮೈಕು ಹಿಡಿದಳು. ಹಸಿರು ಎಲ್ಲರಿಗೂ ಎಂದಳು. ಆಮೇಲೆ ಹಳದಿ ಎಂದಳು.

ಅಷ್ಟು ವರ್ಷಗಳಲ್ಲಿ ಮೊದಲ ಸಲ ನೀಲಿಯನ್ನು ಬಿಟ್ಟಳು.

ಮಕ್ಕಳು ಬಿಡುತ್ತವೆಯೇ? “ಅತ್ತೆ, ನೀಲಿ! ಅತ್ತೆ ನೀಲಿ ಮರೆತ್ರು!” ಎಂದು ಒಂದು ಕೂಗಿತು. “ಗೊತ್ತು, ಗೊತ್ತು, ಸುಮ್ನಿರ್ರೋ,” ಎಂದಳು ಬೋಂಗ್-ಚಿ. ಅಂಥ ಅವಕಾಶ ಸಿಕ್ಕ ಮೇಲೆ ಸುಮ್ಮನಿರುವ ಮಕ್ಕಳು ಯಾವ ಊರಲ್ಲಿವೆ? ಇಪ್ಪತ್ತು ಮೂವತ್ತು ಮಕ್ಕಳು ಎದ್ದು ನಿಂತು, ಕುಂಟೆಬಿಲ್ಲೆಯ ತಾಳಕ್ಕೆ, ಅವಳ ದನಿಯನ್ನೇ ಅಣಕಿಸುತ್ತ ಕೂಗಿದವು: “ಆರರಿಂದ ಹನ್ನೆರಡು, ಪಕ್ಕದಲ್ಲಿ ದೊಡ್ಡವರು! ಎದುರು ಮನೇಲಿ ಅಲ್ಲ, ಪಕ್ಕದಲ್ಲಿ! ಕೇಳಿದ್ರೆ ಉತ್ತರ ಹೇಳೋಷ್ಟು ಹತ್ರ!” ಅಂಗಳವೆಲ್ಲ ನಕ್ಕಿತು.

ಮುದುಕಿ ತಲೆ ತಿರುಗಿಸಿ ಮಕ್ಕಳನ್ನು ನೋಡಿದಳು. ಪಕ್ಕದ ಖಾಲಿ ಸ್ಟೂಲನ್ನು ನೋಡಿದಳು. ಚಿಪ್ಪು ಕೊಯ್ದು ಕೊಯ್ದು ಗಂಟುಬಿದ್ದ ಬೆರಳುಗಳನ್ನು ಒಂದೊಂದಾಗಿ ಮಡಚಲು ಶುರುಮಾಡಿದಳು. ಹುಲಿ ವರ್ಷ, ಹತ್ತನೇ ತಿಂಗಳು ಎಂದು ಅವಳ ತುಟಿ ಅಲುಗುವುದು ನನಗೆ ಕಂಡಿತು. ಐದಕ್ಕೆ ನಿಂತಳು. ಕೈ ಬಿಚ್ಚಿ ಮತ್ತೆ ಮೊದಲಿನಿಂದ ಮಡಚತೊಡಗಿದಳು. ಈ ಸಲ ಯಾರದೆಂದು ನನಗೆ ಗೊತ್ತಾಯಿತು, ಬೋಂಗ್-ಚಿಗೂ ಗೊತ್ತಾಯಿತು.

“ಅಮ್ಮ, ಬೇಡ,” ಎಂದಳು ಬೋಂಗ್-ಚಿ. ಕೈಯಲ್ಲಿದ್ದ ಮೈಕಿನಿಂದ ಅದು ಇಡೀ ಅಂಗಳಕ್ಕೆ ಕೇಳಿಸಿತು. “ಎಣಿಸಬೇಡ.”

“ಕೋಳಿ ವರ್ಷ,” ಎಂದಳು ಮುದುಕಿ. “ವರ್ಷದ ಕೊನೆ. ಹುಟ್ಟಿ ವಾರಕ್ಕೆ ಹೊಸ ವರ್ಷ ಬಂತು.” ಎರಡು ಕೈಯ ಬೆರಳುಗಳೂ ಮಡಚಿದ್ದವು. ಇನ್ನು ಮಡಚಲು ಬೆರಳಿರಲಿಲ್ಲ, ಲೆಕ್ಕವೂ ಅಲ್ಲಿಗೇ ಮುಗಿದಿತ್ತು. ಆ ಎರಡು ಮುಷ್ಟಿಗಳನ್ನು ಮಡಿಲಲ್ಲಿಟ್ಟುಕೊಂಡು ಅವಳು ಕೇಳಿದಳು: “ಬೋಂಗ್-ಚಿ, ಆವತ್ತು ನಿನ್ ಪಕ್ಕದಲ್ಲಿ ಯಾರು ಕೂತಿದ್ರು?”

ಥಿಯೆನ್-ಸು ಹೋದ ಮೇಲೆ, ನನ್ನ ಕಿವಿಗೆ ಬಿದ್ದಂತೆ, ಆ ತಾಯಿ ಆ ಹೆಸರನ್ನು ಕರೆದದ್ದು ಅದೇ ಮೊದಲು.

ಬೋಂಗ್-ಚಿ ಯಂತ್ರದ ಗುಂಡಿ ಒತ್ತಿದಳು. ಕೋತಿ ಪರದೆಯ ಮೇಲೆ ಬಂದು ಸೈಕಲ್ ತುಳಿಯಿತು, ಮಕ್ಕಳು ನಕ್ಕವು. ಮುದುಕಿ ಸಿನಿಮಾ ಮುಗಿಯುವವರೆಗೆ ಕದಲಲಿಲ್ಲ.

ಅವಳು ಚಳಿಗಾಲ ದಾಟಲಿಲ್ಲ. ಮುಂದಿನ ಸಾಲಿನಲ್ಲಿ ಕೂತಳು, ಅದಕ್ಕೇ ಹೋದಳು ಎಂದಿತು ಊರು. ಊರಿಗೆ ಬೇರೇನು ಗೊತ್ತು? ಹೋಗುವವರೆಗಿನ ಆ ಕೆಲವು ತಿಂಗಳು ಅವಳು ಮನೆ ಮುಂದೆ ಚಿಪ್ಪಿನ ಗುಡ್ಡೆಯ ನಡುವೆ ಮೊದಲಿನಂತೆಯೇ ಕೂತಿರುತ್ತಿದ್ದಳು, ಚಾಕು ಹಿಡಿಯುವ ಬಲವಿಲ್ಲದಿದ್ದರೂ. ಹೋಗಿ ಬರುವವರಿಗೆಲ್ಲ ಹೇಳುತ್ತಿದ್ದಳು, ಮೊದಲಿನ ದನಿಯಲ್ಲೇ, ಕಣ್ಣೀರಿಲ್ಲದೆ. ಮಾತು ಮಾತ್ರ ಬದಲಾಗಿತ್ತು, ಈಗ ಬೆರಳು ತನ್ನ ಕಡೆಗೇ ಇತ್ತು.

“ನಲವತ್ತೈದು ವರ್ಷದ ಹೆಂಗಸು. ಎರಡು ಮಕ್ಕಳ ಪಕ್ಕ ಕೂರಕ್ಕಾಗ್ಲಿಲ್ಲ.”

ಒಳಗೆ ಬೋಂಗ್-ಚಿ ಗಂಜಿ ಕಲಕುತ್ತ ಕೇಳಿಸಿಕೊಳ್ಳುತ್ತಿದ್ದಳು. ನಾನು ತೋಫು ತಂದುಕೊಟ್ಟಾಗ ಒಂದು ದಿನ ನನ್ನ ಕೈ ಹಿಡಿದುಕೊಂಡು ಅತ್ತಳು. ಅಷ್ಟು ವರ್ಷಗಳಲ್ಲಿ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ.

“ಆ ಹಳೇ ಮಾತೇ ಇರ್ಲಿ ಅಂತ ಹೇಳೇ ತೋಫು,” ಎಂದಳು. “ನೀನಾದ್ರೂ ಹೋಗಿ ಹೇಳು. ನಂಗೆ ಅದು ಅಭ್ಯಾಸ ಆಗಿತ್ತು.”